ಅಳಿಸಿದ ಮೇಲೂ ಉಳಿದ ವರದಿ

"ಆ ಸ್ವಿಚ್ ಮೇಲಿಂದ ಕೈ ತೆಗೀರಿ," ಎಂದಳು ಚುಕ್ಕಿ.

ಸರ್ವೀಸ್ ಮ್ಯಾನೇಜರ್ ತೆಗೆಯಲಿಲ್ಲ. ಗೋಡೆಗೆ ಒರಗಿ ನಿಂತವನ ಕೈ ತಾನಾಗಿಯೇ ಕಂಪ್ಯೂಟರಿನ ಆ ಸ್ವಿಚ್ಚಿಗೆ ಹೋಗಿತ್ತು, ಅದರಲ್ಲಿ ತನ್ನದೇನೂ ತಪ್ಪಿಲ್ಲ ಎನ್ನುವ ಮುಖ ಮಾಡಿಕೊಂಡಿದ್ದ. ಬಾಗಿಲಾಚೆ ಕಾರಿಡಾರಿನಲ್ಲಿ ಹೊಸ ಕಂಪ್ಯೂಟರುಗಳ ಪೆಟ್ಟಿಗೆಗಳು ಒಂದರ ಮೇಲೊಂದು ಕೂತಿದ್ದವು. ಊಟದ ಹೊತ್ತಿಗೆ ಹಳೆಯ ಯಂತ್ರ ಇಲ್ಲಿಂದ ಎದ್ದು ಹೋಗಬೇಕು, ಹೊಸದು ಬಂದು ಕೂರಬೇಕು. ಇದು ಮಾಲೀಕರ ಆಜ್ಞೆ.

"ತೆಗೀರಿ ಅಂದ್ರಲ್ಲ," ಎಂದರು ಹಿಂದಿನಿಂದ ಇನ್‌ಸ್ಪೆಕ್ಟರ್. ಅವರಿಗೆ ಭಾರೀ ನೆಗಡಿ. ಪ್ರಿಂಟರ್ ಕಾಗದದ ರಟ್ಟಿನ ಡಬ್ಬದ ಮೇಲೆ ಕೂತು, ಕರವಸ್ತ್ರದೊಳಗಿಂದಲೇ ಮಾತಾಡುತ್ತಿದ್ದರು. ಮ್ಯಾನೇಜರನ ಕೈ ಜೇಬಿಗೆ ಇಳಿಯಿತು.

ಲಿಫ್ಟಿನ ಹಗ್ಗ ಕಿತ್ತು ಹಲ್ಲಿನ ಡಾಕ್ಟರು ಸತ್ತು ವಾರ ಕಳೆದಿತ್ತು. ಆ ಲಿಫ್ಟನ್ನು ಪರೀಕ್ಷಿಸಿದ್ದ ಮೆಕ್ಯಾನಿಕ್, ಅಂದರೆ ಚುಕ್ಕಿಯ ಒಬ್ಬನೇ ತಮ್ಮ, ಲಾಕಪ್ಪಿನಲ್ಲಿದ್ದ. ಹಗ್ಗ ಹಾಳಾಗಿದೆ, ಲಿಫ್ಟ್ ನಿಲ್ಲಿಸಿ ಎಂದೇ ವರದಿ ಬರೆದಿದ್ದೆ ಎಂದು ಅವನು ಹೇಳುತ್ತಿದ್ದ. ಲಿಫ್ಟ್ ನೋಡಿಕೊಳ್ಳುವ ಈ ಕಂಪನಿಯ ಕಂಪ್ಯೂಟರ್ ಮಾತ್ರ, ಹಗ್ಗ ಸರಿಯಿದೆ, ಲಿಫ್ಟ್ ಓಡಿಸಬಹುದು ಎಂದು ಅವನ ಹೆಸರಿನಲ್ಲೇ ಹೇಳುತ್ತಿತ್ತು.

ಮನುಷ್ಯನ ಮಾತಿಗೂ ಯಂತ್ರದ ಮಾತಿಗೂ ಜಗಳ ಬಿದ್ದರೆ ಜನ ಯಂತ್ರವನ್ನೇ ನಂಬುತ್ತಾರೆ. ಆ ಯಂತ್ರದ ಪ್ರೋಗ್ರಾಮ್ ಬರೆದವಳು ಅವನ ಅಕ್ಕನೇ ಆಗಿದ್ದದ್ದು ಅವನ ದುರದೃಷ್ಟವೋ ಅದೃಷ್ಟವೋ, ಇವತ್ತು ಗೊತ್ತಾಗಬೇಕಿತ್ತು.

ಅವಳಿಗೆ ಚುಕ್ಕಿ ಎಂದು ಅಡ್ಡಹೆಸರಿಟ್ಟವರು ಇದೇ ಕಚೇರಿಯವರು. ಹಳೆಯ ಡಾಸ್ ಕಾಲದ ಆ ಡೇಟಾಬೇಸಿನಲ್ಲಿ ಬಣ್ಣವಿಲ್ಲ, ಚಿತ್ರವಿಲ್ಲ. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಚುಕ್ಕಿ ಕಾಯುತ್ತಿರುತ್ತದೆ, ಅದರ ಮುಂದೆ ಆಜ್ಞೆ ಬರೆಯಬೇಕು. ಬೆಳಗಿಂದ ಸಂಜೆಯವರೆಗೆ ಆ ಚುಕ್ಕಿಯ ಮುಂದೆ ಕೂರುವವಳಿಗೆ ಬೇರೆ ಯಾವ ಹೆಸರು ಇಟ್ಟಾರು?

ಬೆಳಿಗ್ಗೆ ಕೋರ್ಟಿನ ಮೆಟ್ಟಿಲ ಬಳಿ ಅಮ್ಮ ಅವಳ ಕೈ ಹಿಡಿದುಕೊಂಡು ಹೆಚ್ಚೇನೂ ಹೇಳಿರಲಿಲ್ಲ. "ಅವನನ್ನ ಕರ್ಕೊಂಡೇ ಬಾ," ಅಂದಿದ್ದಳು, ಅಂಗಡಿಗೆ ಹೋಗಿ ಕರೆದುತರುವಷ್ಟು ಸಲೀಸಾಗಿ. ಇವತ್ತು ಜಾಮೀನು ಸಿಗದಿದ್ದರೆ ಅವನು ಸಂಜೆಯೊಳಗೆ ದೊಡ್ಡ ಜೈಲಿಗೆ ಹೋಗುತ್ತಾನೆ, ಅಲ್ಲಿಂದ ಯಾವಾಗ ಬರುತ್ತಾನೋ ಹೇಳಲಾಗದು ಎಂದು ವಕೀಲರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಕೈಯಲ್ಲಿ ಹಿಡಿಯುವಂಥದ್ದು ಏನಾದರೂ ಬೇಕು, ಅಕ್ಕನ ಕಣ್ಣೀರು ಸಾಲದು ಎಂದೂ ಹೇಳಿದ್ದರು.

ಚುಕ್ಕಿ ಮೊದಲು ಮಾಡಿದ್ದು ಕಾಪಿ. ಮೂಲ ಫೈಲಿಗೆ ಎಂದೂ ಕೈ ಹಚ್ಚಬೇಡಿ, ಮೊದಲು ಕಾಪಿ ಮಾಡಿ, ಆಮೇಲೆ ಹುಡುಕಿ: ಇದು ಅವಳು ಹೊಸ ಪ್ರೋಗ್ರಾಮರುಗಳ ತಲೆಗೆ ಬಡಿಬಡಿದು ತುಂಬಿದ್ದ ಮಾತು. ಹೀಗೆ ಹೇಳಿ ಹೇಳಿ ಸುಸ್ತಾಗಿ, ಕೊನೆಗೆ ಇಂಥ ಬುದ್ಧಿಮಾತುಗಳನ್ನೆಲ್ಲ ಟೈಪಿಸಿ ಮಾನಿಟರಿನ ಪಕ್ಕದ ಗೋಡೆಗೇ ಅಂಟಿಸಿದ್ದಳು. ಯಾರೂ ಓದುತ್ತಿರಲಿಲ್ಲ. ಅದರ ಮೇಲೆ ಯಾರೋ ಟೆಲಿಫೋನ್ ನಂಬರ್ ಬರೆದುಕೊಂಡಿದ್ದರು.

ಎರಡು ಫೈಲುಗಳು ಫ್ಲಾಪಿಗೆ ಇಳಿದವು. ಒಂದು ಯಾವ ಲಿಫ್ಟು, ಯಾವ ಮೆಕ್ಯಾನಿಕ್ಕು ಎಂಬ ಸಾಲುಗಳದ್ದು. ಇನ್ನೊಂದು ಅದರ ಜೋಡಿ, ಉದ್ದದ ಬರಹಗಳನ್ನು ಇಟ್ಟುಕೊಳ್ಳುವ ಮೆಮೊ ಫೈಲು.

"ಈಗ ನೋಡಿ ಸರ್," ಎಂದು ಅವಳು ಇನ್‌ಸ್ಪೆಕ್ಟರಿಗೆ ತಿಳಿಹೇಳಿದಳು. ಈ ಪ್ರೋಗ್ರಾಮಿನಲ್ಲಿ ವರದಿ ಬದಲಾಯಿಸಿದರೆ ಹಳೆಯದು ಹೋಗುವುದಿಲ್ಲ. ಹಳೆಯ ಸಾಲಿನ ತಲೆಯ ಮೇಲೆ ಒಂದು ನಕ್ಷತ್ರದ ಗುರುತು ಬೀಳುತ್ತದೆ, ಅದು ಕಣ್ಣಿಗೆ ಕಾಣದಂತಾಗುತ್ತದೆ. ಹೊಸದೊಂದು ಸಾಲು ಕೆಳಗೆ ಸೇರುತ್ತದೆ. ಡಿಲೀಟ್ ಎಂದರೆ ಇಲ್ಲಿ ಅಷ್ಟೇ, ಪರದೆ ಎಳೆದ ಹಾಗೆ. ಪರದೆ ಸರಿಸಿದರೆ ಒಳಗಿದ್ದವರು ಇದ್ದಲ್ಲೇ ಇರುತ್ತಾರೆ.

"ಸರಿಸಿ ಮತ್ತೆ," ಎಂದು ಸೀನಿದರು ಇನ್‌ಸ್ಪೆಕ್ಟರ್.

ಅವಳು ಆಜ್ಞೆ ಕೊಟ್ಟಳು. ನಕ್ಷತ್ರ ಬಿದ್ದ ಸಾಲುಗಳನ್ನು ಮಾತ್ರ ತೋರಿಸು.

ಪರದೆ ಒಂದು ಕ್ಷಣ ಯೋಚಿಸಿತು. ಒಂದೂ ಇಲ್ಲ ಎಂದಿತು.

ಚುಕ್ಕಿ ಮತ್ತೆ ಕೊಟ್ಟಳು. ಒಂದೂ ಇಲ್ಲ. ಇಷ್ಟು ದಿನ ಅವಳು ಜೀವ ಹಿಡಿದುಕೊಂಡಿದ್ದೇ ಈ ಒಂದು ನಂಬಿಕೆಯ ಮೇಲೆ. ಕಚೇರಿಗೆ ಪೊಲೀಸರು ಬೀಗ ಹಾಕಿದ್ದಾಗ, ಮಾಲೀಕರ ಮನೆ ಬಾಗಿಲಿಗೆ ಅಲೆದಾಗ, ಒಳಗಿದೆಯಲ್ಲ, ಎಲ್ಲಿಗೆ ಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಬೀಗ ತೆಗೆದದ್ದೇ ಇವತ್ತು ಬೆಳಿಗ್ಗೆ.

ಪ್ಯಾಕ್ ಆಗಿತ್ತು. ನಕ್ಷತ್ರ ಬಿದ್ದ ಸಾಲುಗಳನ್ನು ನಿಜವಾಗಿ ಗುಡಿಸಿ ಹಾಕುವ ಆಜ್ಞೆ ಅದು. ತಿಂಗಳ ಕೊನೆಗೆ ಈ ಕಂಪ್ಯೂಟರ್ ನೋಡಿಕೊಳ್ಳುವ ಆಪರೇಟರಮ್ಮ ಮಾಡುತ್ತಿದ್ದಳು. ಆದರೆ ಇದು ತಿಂಗಳ ನಡುವೆ ಆಗಿತ್ತು. ಫೈಲಿನ ನೆತ್ತಿಯಲ್ಲೇ ಕೊನೆಗೆ ಮುಟ್ಟಿದ ತಾರೀಕು ಕೂತಿತ್ತು: ಲಿಫ್ಟ್ ಬಿದ್ದ ಮರುದಿನ, ಪೊಲೀಸರು ಬೀಗ ಹಾಕುವ ಮುಂಚೆ. ಆಪರೇಟರಮ್ಮ ಆ ವಾರವೆಲ್ಲ ರಜೆಯಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದಳು.

ಚುಕ್ಕಿ ಕುರ್ಚಿ ತಿರುಗಿಸಿದಳು. "ಪ್ಯಾಕ್ ಮಾಡಿದ್ದು ನೀವು," ಎಂದಳು ಮ್ಯಾನೇಜರಿಗೆ.

ಅವನು ನಕ್ಕ. ಕಂಪ್ಯೂಟರಿನ ಗಂಧಗಾಳಿ ಇಲ್ಲದ ತಾನೆಲ್ಲಿ, ಪ್ಯಾಕ್ ಎಲ್ಲಿ ಎಂದ. ಸಾಮಾನು ಕಟ್ಟುವುದಕ್ಕೆ ಪ್ಯಾಕ್ ಅನ್ನುತ್ತಾರೆ ಎಂದಷ್ಟೇ ತನಗೆ ಗೊತ್ತು ಎಂದ. ಆ ನಗು ಇನ್‌ಸ್ಪೆಕ್ಟರ್ ತನಕ ಹೋಗಿ, ಅಲ್ಲಿ ಯಾರೂ ಅದನ್ನು ಎತ್ತಿಕೊಳ್ಳದೆ ಬಿದ್ದುಹೋಯಿತು.

"ಮರುದಿನ ಈ ರೂಮಿನ ಬೀಗದಕೈ ಯಾರ ಹತ್ರ ಇತ್ತು?" ಎಂದು ಕೇಳಿದರು ಇನ್‌ಸ್ಪೆಕ್ಟರ್.

"ನನ್ನ ಹತ್ರಾನೇ. ಆದರೆ..."

"ಬೇರೆ ಯಾರಾದ್ರೂ ಒಳಗೆ ಬಂದ್ರಾ?"

ಮ್ಯಾನೇಜರ್ ಬಾಗಿಲ ಕಡೆ ನೋಡಿದ.

"ನನ್ನ ತಮ್ಮ ನಿಮಗೆ ಬಾಯಲ್ಲೂ ಹೇಳಿದ್ದ," ಎಂದಳು ಚುಕ್ಕಿ. ಅವಳ ದನಿ ನಡುಗುತ್ತಿತ್ತು, ನಡುಗಲಿ ಎಂದು ಬಿಟ್ಟಳು. "ಹಗ್ಗ ಕಿತ್ತೋಗ್ತಿದೆ, ನಿಲ್ಲಿಸಿ ಅಂತ. ನೀವು ನಿಲ್ಲಿಸಲಿಲ್ಲ. ಮನುಷ್ಯ ಸತ್ತ ಮೇಲೆ ವರದಿ ತಿದ್ದಿದ್ರಿ. ತಿದ್ದಿದ್ದು ಗೊತ್ತಾಗಬಾರದು ಅಂತ ಗುಡಿಸಿ ಹಾಕಿದ್ರಿ. ಅವನಿಗಿನ್ನೂ ಮದುವೆ ಕೂಡ ಆಗಿಲ್ಲ ಸರ್. ಅವನನ್ನ ಒಳಗೆ ಹಾಕಿ ನೀವು ಮನೆಗೆ ಹೋಗಿ ಹೇಗೆ ಊಟ ಮಾಡ್ತೀರಿ?"

ಮ್ಯಾನೇಜರನ ಮುಖ ಹುಳ್ಳಗಾಯಿತು. ಕಾರಿಡಾರಿನಲ್ಲಿ ಕೂಲಿಯವರು ಬಿಡುಬೀಸಾಗಿ ಹರಟುತ್ತಿದ್ದದ್ದು ಕೇಳಿಸುತ್ತಿತ್ತು. ಅವನು ಹೋಗಿ ಬಾಗಿಲು ಮುಚ್ಚಿ ಬಂದ. ಆಮೇಲೆ ಹೇಳಿದ.

ತಮ್ಮ ಹೇಳಿದ್ದು ನಿಜ. ಫೋನಿನಲ್ಲಿ ಹೇಳಿದ್ದ. ಹಗ್ಗ ತರಿಸಬೇಕಿತ್ತು, ಕಟ್ಟಡದವರು ಲಿಫ್ಟ್ ನಿಲ್ಲಿಸಿದರೆ ಕೂಗಾಡುತ್ತಾರೆ, ಎರಡು ದಿನ ತಾನೇ ಎಂದು ಸುಮ್ಮನಾದ. ಲಿಫ್ಟ್ ಬಿತ್ತು. ಇನ್ನು ತನ್ನ ಕಥೆ ಮುಗಿಯಿತು ಎಂದುಕೊಂಡು ಮರುದಿನ ನಡುಗುತ್ತ ಬಂದು ಕಂಪ್ಯೂಟರ್ ತೆರೆದ. ನೋಡಿದರೆ ಅಲ್ಲಿ ಹಗ್ಗ ಸರಿಯಿದೆ ಎಂದು ಬರೆದಿತ್ತು.

"ನನಗೇ ನಂಬೋಕಾಗಲಿಲ್ಲ," ಎಂದ ಅವನು. "ಯಾರು ಮಾಡಿದ್ರು, ಯಾಕೆ ಮಾಡಿದ್ರು ಅಂತ ಕೇಳೋಕೆ ಹೋಗಲಿಲ್ಲ. ದೇವರೇ ಕಾಪಾಡಿದ ಅಂದ್ಕೊಂಡೆ. ಹಳೇದು ಒಳಗೆಲ್ಲೋ ಇರುತ್ತೆ ಅಂತ ನಿಮ್ಮ ಬಾಯಿಂದಲೇ ಕೇಳಿದ್ದೆ. ಗೋಡೆ ಮೇಲಿನ ನಿಮ್ಮ ಕಾಗದ ನೋಡಿ ಪ್ಯಾಕ್ ಅಂತ ಒತ್ತಿದೆ. ಗುಡಿಸಿದ್ದು ನಾನು ಮೇಡಂ. ಬದಲಾಯಿಸಿದ್ದು ನಾನಲ್ಲ."

"ಸುಳ್ಳು," ಎಂದಳು ಅವಳು.

"ಹಾಗಾದ್ರೆ ತೋರಿಸಿ. ಎಲ್ಲಿದೆ ಹಳೇದು? ನಿಮ್ಮ ತಮ್ಮ ಹಾಗೆ ಬರೆದಿದ್ದ ಅನ್ನೋದಕ್ಕೆ ಏನಿದೆ? ನನ್ನ ಬಾಯಿಮಾತು ತಾನೇ. ಕೋರ್ಟಲ್ಲಿ ನಾನು ಇದನ್ನ ಹೇಳಲ್ಲ."

ನಾಚಿಕೆ ಬಿಟ್ಟ ಮೇಲೆ ಮನುಷ್ಯನಿಗೆ ಎಂಥ ಧೈರ್ಯ ಬರುತ್ತದೆ ನೋಡಿ. ಇನ್‌ಸ್ಪೆಕ್ಟರ್ ಅವನನ್ನು ನೋಡಿದರು, ಗಡಿಯಾರ ನೋಡಿದರು, ಕರವಸ್ತ್ರದ ಒಣಗಿದ ಮೂಲೆ ಹುಡುಕಿಕೊಂಡರು. ತಾವು ಕೇಳಿಸಿಕೊಂಡದ್ದನ್ನು ತಾವು ಹೇಳಬಹುದು, ಆದರೆ ಇವನು ಇಲ್ಲ ಎಂದು ನಿಂತರೆ ಅದು ನಿಲ್ಲುವುದಿಲ್ಲ ಎಂದರು.

ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ವಕೀಲರು. ತಮ್ಮನನ್ನು ಕೋರ್ಟಿಗೆ ಕರೆತಂದಿದ್ದಾರೆ, ಮುಂದಿನ ಎರಡು ಕೇಸು ಮುಗಿದರೆ ನಮ್ಮದೇ, ಏನಾದರೂ ಇದೆಯಾ ಎಂದು ಕೇಳಿದರು. ಸ್ವಲ್ಪ ತಡೆಯಿರಿ ಎಂದಳು. ತಡೆಯಲು ಜಡ್ಜು ನಮ್ಮ ಮಾವನ ಮಗನಲ್ಲ ಎಂದು ವಕೀಲರು ಫೋನಿಟ್ಟರು.

ಚುಕ್ಕಿ ಎರಡು ಕೈಯಲ್ಲೂ ತಲೆ ಹಿಡಿದುಕೊಂಡು ಕೂತಳು. ಹೋಯಿತು. ಅಮ್ಮನಿಗೆ ಏನು ಹೇಳುವುದು? ನಿನ್ನ ಮಗ ಬರೆದದ್ದನ್ನು ನಾನೇ ಕಲಿಸಿದ ಆಜ್ಞೆಯಿಂದ ಗುಡಿಸಿ ಹಾಕಿದರು ಎಂದೇ? ಅಳು ಬಂತು. ಅಳು ನುಂಗಿಕೊಳ್ಳಲು ಗೋಡೆಯ ಕಡೆ ಮುಖ ತಿರುಗಿಸಿದಳು. ಅಲ್ಲಿ ಅವಳ ಬುದ್ಧಿಮಾತುಗಳ ಕಾಗದ ನೇತಾಡುತ್ತಿತ್ತು.

ಪ್ಯಾಕ್ ಎಂಬ ಮಾತು ಮೇಲೆಯೇ ಇತ್ತು, ಮ್ಯಾನೇಜರ್ ಅಷ್ಟು ಓದಿದ್ದ. ಅದರ ಕೆಳಗೆ, ಟೆಲಿಫೋನ್ ನಂಬರಿನಡಿ, ಇನ್ನೊಂದು ಮಾತಿತ್ತು. ಪ್ಯಾಕ್ ಮಾಡಿದ ಮೇಲೆ ಇಡೀ ಫೈಲನ್ನು ಹೊಸ ಹೆಸರಿಗೆ ಕಾಪಿ ಮಾಡಿ, ಹಳೆಯದನ್ನು ಬಿಸಾಡಿ. ಇಲ್ಲದಿದ್ದರೆ ಮೆಮೊ ಫೈಲು ಊದಿಕೊಂಡೇ ಇರುತ್ತದೆ.

ಅಳು ಅಲ್ಲೇ ನಿಂತಿತು.

ಪ್ಯಾಕ್ ಗುಡಿಸುವುದು ಸಾಲುಗಳನ್ನು ಮಾತ್ರ. ಮೆಮೊ ಫೈಲಿನ ಗೋಜಿಗೆ ಅದು ಹೋಗುವುದೇ ಇಲ್ಲ. ಅಲ್ಲಿ ಬರಹಗಳು ತುಂಡು ತುಂಡಾಗಿ ಒಂದರ ಹಿಂದೊಂದು ಕೂತಿರುತ್ತವೆ. ಸಾಲು ಸತ್ತರೂ ಅದರ ಬರಹ ಸಾಯುವುದಿಲ್ಲ, ವಾರಸುದಾರರಿಲ್ಲದೆ ಅಲ್ಲೇ ಬಿದ್ದಿರುತ್ತದೆ. ಅದನ್ನು ಕೇಳುವವರಿಲ್ಲದ್ದರಿಂದ ಯಾವ ಪರದೆಯಲ್ಲೂ ಕಾಣುವುದಿಲ್ಲ.

ಅವಳು ಮೆಮೊ ಫೈಲಿನ ಗಾತ್ರ ನೋಡಿದಳು. ಇರುವ ಸಾಲುಗಳಿಗೆ ಬೇಕಾದದ್ದಕ್ಕಿಂತ ಎಷ್ಟೋ ದಪ್ಪಗಿತ್ತು. ಯಾರೂ ಕಾಪಿ ಮಾಡಿ ಬಿಸಾಡಿರಲಿಲ್ಲ.

"ಏನಾಯ್ತು?" ಎಂದ ಮ್ಯಾನೇಜರ್. ಉತ್ತರಿಸುವಷ್ಟು ಪುರುಸೊತ್ತು ಅವಳಿಗಿರಲಿಲ್ಲ.

ಹಿಂದೊಮ್ಮೆ ಕರೆಂಟು ಕೈಕೊಟ್ಟು ಫೈಲು ಹಾಳಾಗಿದ್ದಾಗ ಅವಳೇ ಒಂದು ಪುಟ್ಟ ಪ್ರೋಗ್ರಾಮ್ ಬರೆದಿಟ್ಟಿದ್ದಳು. ಸಾಲುಗಳ ಹಂಗಿಲ್ಲದೆ ಮೆಮೊ ಫೈಲನ್ನು ನೇರವಾಗಿ ತೆರೆದು, ತುಂಡು ತುಂಡಾಗಿ ಪರದೆಗೆ ತರುವಂಥದ್ದು. ಅದನ್ನು ಫ್ಲಾಪಿಯ ಕಾಪಿಯ ಮೇಲೆ ಓಡಿಸಿ, ಆ ಕಟ್ಟಡದ ಹೆಸರು ಕೊಟ್ಟು ಹುಡುಕಲು ಬಿಟ್ಟಳು.

ಫ್ಲಾಪಿ ಗರಗರ ಎನ್ನುತ್ತ ತಿರುಗಿತು. ಇಷ್ಟು ನಿಧಾನಕ್ಕೆ ತಿರುಗುವ ವಸ್ತು ಈ ಲೋಕದಲ್ಲಿ ಬೇರೊಂದಿದ್ದರೆ ಅದು ಕೋರ್ಟು ಮಾತ್ರ. ಹಳೆಯ ವರದಿಗಳು ಹಾದುಹೋದವು: ಬಾಗಿಲು ಕಿರುಗುಟ್ಟುತ್ತದೆ, ಎಣ್ಣೆ ಬಿಟ್ಟಿದೆ, ಲಿಫ್ಟಿನಡಿಯ ಗುಂಡಿಯಲ್ಲಿ ಇಲಿ ಸತ್ತಿದೆ, ತೆಗೆಸಿದೆ. ಎಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದ ನಮ್ಮ ಮಾತುಗಳು. ಬಾಗಿಲ ಮೇಲೆ ಕೂಲಿಯವನೊಬ್ಬ ಬಡಿದು, ಎತ್ತಬಹುದಾ ಎಂದು ಕೇಳಿದ. ಇನ್‌ಸ್ಪೆಕ್ಟರ್ ಇಲ್ಲ ಎಂದರು.

ಫ್ಲಾಪಿ ನಿಂತಿತು. ಪರದೆಯ ಮೇಲೆ, ತಲೆಯಲ್ಲಿ ಆ ಕಟ್ಟಡದ ಹೆಸರಿದ್ದ ಒಂದು ತುಂಡು ಬಂತು.

ಗುಂಡಿಯಲ್ಲಿ ನೀರಿಲ್ಲ. ಸ್ಪ್ರಿಂಗು ಸರಿ. ಬಾಗಿಲುಗಳು ಸರಿ. ಒಳದೀಪ ಸರಿ. ಹಗ್ಗ ಸರಿಯಿಲ್ಲ. ಎರಡು ಕಡೆ ಎಳೆ ಕಿತ್ತಿದೆ, ಕೈಗೆ ಚುಚ್ಚುತ್ತದೆ. ಹಗ್ಗ ಬದಲಾಯಿಸುವ ತನಕ ಲಿಫ್ಟ್ ನಿಲ್ಲಿಸಬೇಕು. ಮ್ಯಾನೇಜರಿಗೆ ಫೋನಿನಲ್ಲೂ ಹೇಳಿದೆ. ಮೋಟಾರು ಸರಿ.

ಚುಕ್ಕಿ ಬಾಯಿ ಮುಚ್ಚಿಕೊಂಡಳು. ಇದು ಅವನದೇ. ಬೇರೆ ಮೆಕ್ಯಾನಿಕ್ಕುಗಳೆಲ್ಲ ಮೇಲಿನ ಮೋಟಾರಿನಿಂದ ಶುರುಮಾಡಿ ಕೆಳಗಿಳಿಯುತ್ತಾರೆ. ಅವನೊಬ್ಬ ಗುಂಡಿಯಿಂದ ಶುರುಮಾಡಿ ಮೇಲೆ ಹತ್ತುತ್ತಾನೆ. ಮೊದಲು ಬೀಳುವ ಜಾಗ ನೋಡಬೇಕು ಅಕ್ಕ, ಆಮೇಲೆ ಹತ್ತುವ ಜಾಗ, ಎನ್ನುತ್ತಿದ್ದ. ಹೊಟ್ಟೆಗೆ ಹಾಲು ಹೊಯ್ದಂತಾಯಿತು ಅವಳಿಗೆ. ಕಣ್ಣಲ್ಲಿ ನೀರು ತುಂಬಿ ಅಕ್ಷರಗಳು ಈಜಾಡಿದವು.

ಇನ್‌ಸ್ಪೆಕ್ಟರ್ ಎದ್ದು ಬಂದು ಅವಳ ಹೆಗಲ ಮೇಲಿಂದ ಬಗ್ಗಿ ನಿಧಾನವಾಗಿ ಓದಿದರು. ಫೋನಿನಲ್ಲೂ ಹೇಳಿದೆ ಎಂಬಲ್ಲಿ ನಿಂತು ಮ್ಯಾನೇಜರನ ಕಡೆ ತಿರುಗಿದರು. ಅವನು ಗೋಡೆ ಬಿಟ್ಟು ಕುರ್ಚಿ ಹುಡುಕಿ ಕೂತ.

"ಪ್ರಿಂಟ್ ತೆಗೀತೀನಿ ಸರ್," ಎಂದಳು ಚುಕ್ಕಿ. "ನೀವು ಸಹಿ ಹಾಕಿ. ವಕೀಲರಿಗೆ ಫೋನ್ ಮಾಡ್ತೀನಿ."

"ಕೆಳಗೆ ಇನ್ನೂ ಇದೆಯಲ್ಲ," ಎಂದರು ಅವರು.

ಇತ್ತು. ಸಂತೋಷದಲ್ಲಿ ಮರೆತಿದ್ದಳು. ಯಾರಾದರೂ ವರದಿ ಬದಲಾಯಿಸಿದರೆ, ಹಳೆಯ ಬರಹದ ಬಾಲಕ್ಕೆ ಬದಲಾಯಿಸಿದವರ ಗುರುತಕ್ಷರ ಮತ್ತು ತಾರೀಕು ತಾನಾಗಿ ಅಂಟಿಕೊಳ್ಳುತ್ತದೆ. ಅದೂ ಅವಳೇ ಮಾಡಿದ ಏರ್ಪಾಟು. ಪಾಸ್‌ವರ್ಡ್ ಕೊಟ್ಟು ಒಳಗೆ ಬಂದವರದ್ದಷ್ಟೇ ಗುರುತು ಬೀಳುತ್ತದೆ, ಇದರಲ್ಲಿ ಮೋಸವಿಲ್ಲ. ಇನ್ನೇನು, ಮ್ಯಾನೇಜರನ ಎರಡು ಅಕ್ಷರ ಕಂಡರೆ ಎಲ್ಲ ಮುಗಿಯಿತು. ಅವಳು ಹೆಚ್ಚುಕಡಿಮೆ ಖುಷಿಯಿಂದಲೇ ಕೀಲಿ ಒತ್ತಿದಳು.

ಬರಹ ಮೇಲಕ್ಕೆ ಸರಿಯಿತು. ಕೆಳಗೆ ತಾರೀಕು ಬಂತು. ಲಿಫ್ಟ್ ಬಿದ್ದ ಮರುದಿನದ್ದಲ್ಲ, ಬೀಳುವ ಹಿಂದಿನ ದಿನದ್ದು. ಅದರ ಪಕ್ಕದಲ್ಲಿ ಎರಡು ಅಕ್ಷರ.

ಅವು ಮ್ಯಾನೇಜರಿನವಲ್ಲ. ಆಪರೇಟರಮ್ಮನವೂ ಅಲ್ಲ.

"ಅದು ಮೇಡಂದೇ ಗುರುತು," ಎಂದ ಮ್ಯಾನೇಜರ್ ಕುರ್ಚಿಯಿಂದಲೇ. ಅವನ ದನಿಗೆ ಮತ್ತೆ ಜೀವ ಬಂದಿತ್ತು. "ನಾನು ಹೇಳಲಿಲ್ವಾ? ಬದಲಾಯಿಸಿದ್ದು ನಾನಲ್ಲ ಅಂತ."

ಚುಕ್ಕಿ ಆ ಎರಡು ಅಕ್ಷರಗಳನ್ನು ಮತ್ತೊಮ್ಮೆ ಓದಿದಳು. ಆ ದಿನ ಅವಳು ಕಚೇರಿಗೆ ಬಂದಿರಲೇ ಇಲ್ಲ. ಜ್ವರ ಬಂದು ಅಮ್ಮನ ಮನೆಯಲ್ಲಿ ಹೊದ್ದು ಮಲಗಿದ್ದಳು. ಸಂಜೆ ತಮ್ಮ ಮಾತ್ರೆ ತಂದುಕೊಟ್ಟಿದ್ದ. ಎಂದೂ ಬಾಯಿ ಮುಚ್ಚದವನು ಅವತ್ತು ಮಂಚದ ತುದಿಯಲ್ಲಿ ಸುಮ್ಮನೆ ಕೂತಿದ್ದ. ಎಲ್ಲಿಂದ ಬಂದೆ ಎಂದರೆ, ಆಫೀಸಿಂದ ಎಂದಿದ್ದ. ಪೂರಾ ಹುಷಾರಾಗು ಅಕ್ಕ, ಆಮೇಲೆ ಕೆಲಸಕ್ಕೆ ಹೋಗು, ಅವಸರವೇನಿಲ್ಲ ಎಂದಿದ್ದ.

ಅವಳ ಪಾಸ್‌ವರ್ಡ್, ಚಿಕ್ಕಂದಿನಲ್ಲಿ ಇಬ್ಬರೂ ಅಮ್ಮನಿಗೆ ಗೊತ್ತಾಗದಂತೆ ಅಟ್ಟದಲ್ಲಿ ಸಾಕಿದ್ದ ಬೆಕ್ಕಿನ ಹೆಸರು. ಈ ಲೋಕದಲ್ಲಿ ಆ ಹೆಸರು ಗೊತ್ತಿದ್ದವರು ಇಬ್ಬರೇ.

ಯಾಕೋ? ಎಂದು ಅವಳ ಮನಸ್ಸು ಒಳಗೊಳಗೇ ಕೂಗಿತು. ಬರೆದವನೂ ನೀನೇ, ಅಳಿಸಿದವನೂ ನೀನೇನೋ? ಡಾಕ್ಟರು ನಿನಗೇನು ಮಾಡಿದ್ದರೋ?

"ಮೇಡಂ," ಎಂದರು ಇನ್‌ಸ್ಪೆಕ್ಟರ್. ಈಗ ಕರವಸ್ತ್ರ ಜೇಬಿನಲ್ಲಿತ್ತು. "ಈ ಗುರುತು ನಿಮ್ಮದಾ?"

"ಹೌದು."

"ನಿಮ್ಮ ಪಾಸ್‌ವರ್ಡ್ ಬೇರೆ ಯಾರಿಗಾದ್ರೂ ಗೊತ್ತಾ? ಯೋಚನೆ ಮಾಡಿ ಹೇಳಿ."

ಯೋಚನೆ ಮಾಡಲು ಏನಿತ್ತು? ಹೌದು ಎಂದರೆ ಲಿಫ್ಟಿನ ಹಗ್ಗ ಕಿತ್ತಿದೆ ಎಂದು ಗೊತ್ತಿದ್ದೂ, ಸರಿಯಿದೆ ಎಂದು ತಿದ್ದಿ ಒಬ್ಬ ಮನುಷ್ಯನನ್ನು ಅದರಲ್ಲಿ ಹತ್ತಿಸಿದವನು ಅವಳ ತಮ್ಮ. ಆಮೇಲೆ ಜಾಮೀನಲ್ಲ, ಅವನ ಆಯುಸ್ಸೇ ಒಳಗೆ ಕಳೆಯುತ್ತದೆ. ಇಲ್ಲ ಎಂದರೆ ಅವನು ಎಚ್ಚರಿಕೆ ಬರೆದ ಒಳ್ಳೆಯ ಮೆಕ್ಯಾನಿಕ್, ಇವತ್ತೇ ಮನೆಗೆ ಬರುತ್ತಾನೆ. ಕರ್ಕೊಂಡೇ ಬಾ ಎಂದಿದ್ದಳು ಅಮ್ಮ. ತನಗೆ ಇಬ್ಬರು ಮಕ್ಕಳು ಎಂಬುದು ಆ ಗಳಿಗೆಯಲ್ಲಿ ಅಮ್ಮನಿಗೂ ನೆನಪಿದ್ದಿರಲಾರದು.

ಅವಳು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಯಾರಿಗೂ ಗೊತ್ತಿಲ್ಲ ಸರ್. ನನಗೊಬ್ಬಳಿಗೇ. ಬದಲಾಯಿಸಿದ್ದು ನಾನು."

ಇನ್‌ಸ್ಪೆಕ್ಟರ್ ಬೆಚ್ಚಿಬೀಳಲಿಲ್ಲ. ಬಹಳ ಹೊತ್ತು ಅವಳ ಮುಖವನ್ನೇ ನೋಡಿದರು. ಅವರ ಕಣ್ಣಲ್ಲಿ ಕನಿಕರದಂಥದ್ದು ಏನೋ ಇತ್ತು, ಅದನ್ನು ಕಂಡೇ ಅವಳಿಗೆ ಹೆದರಿಕೆಯಾಯಿತು.

"ಬೆಳಿಗ್ಗೆಯಿಂದ ಈ ಡಬ್ಬದ ಮೇಲೆ ಯಾಕೆ ಕೂತಿದ್ದೀನಿ ಅಂದ್ಕೊಂಡ್ರಿ?" ಎಂದರು. "ನಿನ್ನೆ ಸಾಯಂಕಾಲ ನಿಮ್ಮ ತಮ್ಮ ಹೇಳಿಕೆ ಕೊಟ್ಟ. ವರದಿ ಬದಲಾಯಿಸಿದ್ದು ನಮ್ಮಕ್ಕ, ಕಂಪ್ಯೂಟರಿನಲ್ಲಿ ಹುಡುಕಿದ್ರೆ ಅವಳ ಗುರುತೇ ಸಿಗುತ್ತೆ ಅಂತ. ನಾನು ನಂಬಿರಲಿಲ್ಲ. ನಂಬಬಾರದು ಅಂತಲೇ ಬಂದೆ."

ಹಾಗಾದರೆ ಅವಳ ಪಾಸ್‌ವರ್ಡಿನಲ್ಲಿ ತಿದ್ದಿದ್ದೇ ಗುರುತು ಅವಳದ್ದಾಗಲಿ ಎಂದು.

ಫೋನು ಹೊಡೆದುಕೊಂಡಿತು. ಯಾರೂ ಎತ್ತಲಿಲ್ಲ. ಅದು ಬಿಡಲಿಲ್ಲ. ಕೊನೆಗೆ ಎತ್ತಿ ಎಂದು ಇನ್‌ಸ್ಪೆಕ್ಟರೇ ಸನ್ನೆ ಮಾಡಿದರು.

ವಕೀಲರು ಅವಸರದಲ್ಲಿದ್ದರು. ಕೇಸು ಕೂಗಿದ್ದಾರೆ, ಒಳಗೆ ಹೋಗುವ ಮೊದಲು ನಿಮ್ಮ ತಮ್ಮ ಒಂದು ಮಾತು ಆಡಬೇಕಂತೆ ಎಂದು ತಮ್ಮ ಮೊಬೈಲನ್ನು ಯಾರದೋ ಕೈಗೆ ಕೊಟ್ಟರು.

"ಅಕ್ಕಾ," ಎಂದ ಅವನು ಮೆಲ್ಲಗೆ. "ಸಿಕ್ತಾ?"